ಡ್ಯೂಟಿ ಹಚ್ಚುವ ಉತ್ತಮರಾವ

ಭಾಲ್ಕಿಯ ಬಸ್ ಡಿಪೊ ಎದುರಿಗೆ ನನ್ನ ಕಿರಾಣಿ ಅಂಗಡಿ ಇಪ್ಪತ್ತೆರಡು ವರ್ಷದಿಂದ ಇದೆ. ಆದರೂ ಡ್ರೈವರ್ ಕಂಡಕ್ಟರುಗಳ ಸಲಾಮೆಲ್ಲ ನನ್ನನ್ನು ದಾಟಿ, ಡ್ಯೂಟಿ ಹಚ್ಚುವ ಗುಮಾಸ್ತ ಉತ್ತಮರಾವನ ಕಿಟಕಿಗೇ ಹೋಗುತ್ತದೆ. ನಾನು ಬೆಲ್ಲ ತೂಗಿ ಮೇಲೆ ಕೊಸರು ಹಾಕಿದರೂ ಗಿರಾಕಿ ತಕ್ಕಡಿಯನ್ನೇ ದಿಟ್ಟಿಸುತ್ತಾನೆ. ಉತ್ತಮರಾವ ಪೆನ್ಸಿಲ್ ಎತ್ತಿದರೆ ಸಾಕು, ಆರಡಿ ಡ್ರೈವರ್ ಕೈಕಟ್ಟಿ ನಿಲ್ಲುತ್ತಾನೆ. ಯಾರು ಔರಾದಕ್ಕೆ, ಯಾರು ಬೀದರಿಗೆ ಎಂದು ಈಗ ಕಂಪ್ಯೂಟರೇ ಹೊಂದಿಸಿ ಕೊಡುತ್ತದೆ. ಆದರೆ ಯಾರ ಯಾರ ನಡುವೆ ಮಾತು ಬಿಟ್ಟಿದೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂಬುದು ಅದಕ್ಕೆ ಗೊತ್ತಿಲ್ಲವಲ್ಲ. “ಸಾಬ್, ನಾಳಿ ತಂಗಿ ನಿಕಾಹ ಅದರಿ,” ಎಂದು ಕಂಡಕ್ಟರ್ ಆತೀಫ ಗೋಗರೆದರೆ, “ಮಷೀನ್ ಬರ್ದಾದಪ್ಪ, ನನ್ನ ಕೈಯಾಗ ಏನದ?” ಎಂದು ಉತ್ತಮರಾವ ಗದರಿಸಿ, ಆತೀಫ ಅತ್ತ ತಿರುಗುವುದರೊಳಗೆ ಪಟ್ಟಿಯಲ್ಲಿ ಹೆಸರು ಬದಲಿಸಿರುತ್ತಾನೆ. ಯಾರಿಗೂ ಬೇಡವಾದ ನಸುಕಿನ ಐದರ ಔರಾದ ಬಸ್ಸು ಮಾತ್ರ ಯಾವಾಗಲೂ ಕಂಡಕ್ಟರ್ ಪ್ರಣಿತಾಳ ಪಾಲು. ಆಕೆ ಉತ್ತಮರಾವನ ಹೆಂಡತಿ. “ಇದೊಂದ್ ವಾರರೆ ಬ್ಯಾರೇದವ್ರಿಗಿ ಹಚ್ಚರಿ, ಸಾಹೇಬ್ರ,” ಎಂದು ಒಮ್ಮೆ ಆಕೆ ಎಲ್ಲರ ಹಾಗೆ ಕಿಟಕಿಯ ಮುಂದೆ ನಿಂತೇ ಚುಚ್ಚಿದಳು. “ಹೆಂಡ್ತಿ ಅಂತ ನಿನಗ ಬಿಟ್ರ ನಾಳಿ ನನ್ನ ಮಾತ ಯಾರ್ ಕೇಳ್ತಾರ?” ಎಂದ. ನ್ಯಾಯವಂತನ ಸೋಗು ಎಂದು ನಾನು ನಕ್ಕಿದ್ದೆ. ಆದರೆ ತನ್ನ ಕೆಲಸ ಒಂಬತ್ತಕ್ಕೆ ಇದ್ದರೂ, ಆ ಬಸ್ಸು ಹೊರಡುವ ಹೊತ್ತಿಗೆ ಅವನು ದಿನವೂ ರೊಟ್ಟಿಯ ಡಬ್ಬಿ ಹಿಡಿದು ಬರುತ್ತಾನೆ. ರೊಟ್ಟಿ ತಾನೇ ಬಡಿದದ್ದು, ಅಂಚು ಸುಟ್ಟದ್ದು. ಆಕೆ ಬೈಯುತ್ತಲೇ ಅದನ್ನು ಇಸಿದುಕೊಂಡು, ಬಸ್ಸು ತಿರುವು ದಾಟುವ ತನಕ ಅವನನ್ನೇ ನೋಡುತ್ತಾಳೆ. ನಾನು ಹೊರಗೆ ಹೊರಟಾಗ ನನ್ನ ಹೆಂಡತಿ ಕೇಶರಬಾಯಿ ಒಮ್ಮೆಯೂ ಹಾಗೆ ನೋಡಿಲ್ಲ. ನೋಡುವಂಥದ್ದನ್ನು ನಾನು ಮಾಡಿದ್ದೂ ಇಲ್ಲ.