ಅಗ್ಗದ ಕೀಬೋರ್ಡಿಗೆ ನಾನು ಹೇಳಿಕೊಟ್ಟ ಅರ್ಥ

ಕಳೆದ ಭಾನುವಾರ ನನ್ನ ಮೊಮ್ಮಗಳು ನಿಧಿ ಮೈಕ್ ಹಿಡಿದು, ಪರ್ತ್‌ನ ಅರ್ಧ ಕನ್ನಡಿಗರ ಎದುರು ಹೀಗೆಂದಳು: "ನಮ್ಮ ತಾತ ತುಂಬಾ ಅಗ್ಗದ ಮನುಷ್ಯ."

ಜನ ನಕ್ಕರು. ಯಾರದೂ ಕೆಟ್ಟ ನಗುವಲ್ಲ. ಇಲ್ಲೇ ಹುಟ್ಟಿದ ಹುಡುಗಿ, ಪಾಪ, ಕನ್ನಡ ಮಾತಾಡಲು ಹೋಗಿ ಎಡವಿದಳು ಅಂದುಕೊಂಡರು. ಅವಳಿಗೆ ಆ ಪದ ಕಲಿಸಿದ ಮೇಷ್ಟ್ರು ಮುಂದಿನ ಕುರ್ಚಿಯಲ್ಲೇ ಕೂತಿದ್ದ, ಪೇಪರ್ ಪ್ಲೇಟಿನಲ್ಲಿ ಅರ್ಧ ತಿಂದ ಜೋಳ ಇಟ್ಟುಕೊಂಡು.

ಆ ಮೇಷ್ಟ್ರು ನಾನೇ. ಈ ವಾರ ಬೇರೆ ಯಾರ ಮೇಲೂ ಬರೆಯುವ ಯೋಗ್ಯತೆ ನನಗಿಲ್ಲ.

ಈ ಅಂಕಣವನ್ನು ತಪ್ಪದೆ ಓದುವವರಿಗೆ ನನ್ನ ಕೀಬೋರ್ಡ್ ಪುರಾಣ ನೆನಪಿರಬಹುದು. ತುಂಬಾ ಜನ ಮೆಚ್ಚಿದ ಬರಹ ಅದು. ಓದದವರಿಗಾಗಿ ಮೊದಲಿಂದ ಹೇಳುತ್ತೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆಮೇಲೆ ಟೈಪಿಂಗ್ ಕಲಿತು, ಮಂಡ್ಯದ ಕೋರ್ಟಿನ ಎದುರು ಟೈಪ್‌ರೈಟರ್ ಇಟ್ಟುಕೊಂಡು, ಊರವರ ಜಗಳಗಳನ್ನೆಲ್ಲ ಕಾಗದದ ಮೇಲೆ ಹೊಡೆದು ಬದುಕಿದವನು. ಈಗ ಮಗಳು ರೇಖಾಳ ಜೊತೆ ಆಸ್ಟ್ರೇಲಿಯಾದ ಪರ್ತ್‌ನ ಕ್ಯಾನಿಂಗ್ ವೇಲ್ ಬಡಾವಣೆಯಲ್ಲಿದ್ದೇನೆ. ಅಳಿಯ ಗಣಿಯಲ್ಲಿ ಜಿಯಾಲಜಿಸ್ಟ್. ವಿಮಾನ ಹತ್ತಿ ಕೆಲಸಕ್ಕೆ ಹೋದರೆ ವಾರಗಟ್ಟಲೆ ಮುಖ ಕಾಣಿಸುವುದಿಲ್ಲ. ಹಾಗಾಗಿ ನನ್ನ ಗೊಣಗಾಟ ಕೇಳಲು ಮನೆಯಲ್ಲಿರುವುದು ಇಬ್ಬರೇ.

ಗೊಣಗಾಟ ಯಾವುದರ ಬಗ್ಗೆ? ಲ್ಯಾಪ್‌ಟಾಪಿನ ಕೀಲಿಗಳ ಬಗ್ಗೆ. ಒತ್ತಿದೆನೋ ಇಲ್ಲವೋ ಬೆರಳಿಗೆ ಗೊತ್ತೇ ಆಗುವುದಿಲ್ಲ. ಬಿಸಿ ಇಡ್ಲಿ ಒತ್ತಿ ನೋಡಿದ ಹಾಗೆ. ಶಬ್ದವಿಲ್ಲ, ಸ್ಪರ್ಶವಿಲ್ಲ. ಇದರಲ್ಲಿ ಮನುಷ್ಯ ಹೇಗೆ ಬರೆಯುತ್ತಾನೆ? ಜೊತೆಗೆ ಬಲಗೈಯ ಉಂಗುರದ ಬೆರಳಿನ ನೋವು ಬೇರೆ. ಬೆಳಗ್ಗೆ ಕಾಫಿಗೆ ಕೂತಾಗ ಇದೇ ರಾಗ, ಮಧ್ಯಾಹ್ನ ಊಟಕ್ಕೆ ಕೂತಾಗಲೂ ಇದೇ.

ಮಗಳು ಕೇಳಿಸಿಕೊಳ್ಳುವುದನ್ನು ಬಿಟ್ಟಿದ್ದಳು. ಮೊಮ್ಮಗಳು ಬಿಟ್ಟಿರಲಿಲ್ಲ.

ನಿಧಿ ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿದ್ದಾಳೆ. ಶನಿವಾರ ಶಾಪಿಂಗ್ ಸೆಂಟರಿನ ಬೇಕರಿಯಲ್ಲಿ ಬ್ರೆಡ್ ಮಾರುತ್ತಾಳೆ. ಒಂದು ಶನಿವಾರ ಆರ್ವೋ (ಇಲ್ಲಿ ಮಧ್ಯಾಹ್ನಕ್ಕೆ ಹೀಗೇ ಹೇಳಬೇಕಂತೆ) ಬೇಕರಿಯಿಂದ ಬಂದವಳೇ ನನ್ನ ಮುಂದೆ ಒಂದು ಉದ್ದನೆಯ ಡಬ್ಬ ಇಟ್ಟಳು.

"ಮೆಕ್ಯಾನಿಕಲ್ ಗೇಮಿಂಗ್ ಕೀಬೋರ್ಡ್, ತಾತ. ಬಜೆಟ್ ಒನ್. ಬಟ್ ಕ್ಲಿಕ್ಕಿ. ಜಸ್ಟ್ ಲೈಕ್ ಯುವರ್ ಟೈಪ್‌ರೈಟರ್."

ನಾನು ಯಾವ ಗೇಮ್ ಆಡಬೇಕು ಅಂತ ಕೇಳಿದೆ. "ಯು ರೈಟ್, ದಟ್ಸ್ ಯುವರ್ ಗೇಮ್" ಅಂದಳು. ಈ ಮಾತನ್ನು ನಾನು ಆ ಬರಹದಲ್ಲಿ ಬಿಟ್ಟೆ. ಮೊಮ್ಮಗಳು ಜಾಣೆ ಎಂದು ಓದುಗರಿಗೆ ಗೊತ್ತಾಗಿಬಿಟ್ಟರೆ ತಾತನ ಹಾಸ್ಯಕ್ಕೆ ಜಾಗ ಎಲ್ಲಿ?

ಕೀಲಿಗಳ ಮೇಲೆ ಪುಟ್ಟ ಪುಟ್ಟ ಬಿಳಿ ಚೀಟಿಗಳಿದ್ದವು. ಒಂದೊಂದರ ಮೇಲೂ ಒಂದೋ ಎರಡೋ ಕನ್ನಡ ಅಕ್ಷರ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಚಿತ್ರ ನೋಡಿಕೊಂಡು ರಂಗೋಲಿ ಬಿಡಿಸುವ ಹಾಗೆ ಬರೆದು ಅಂಟಿಸಿದ್ದಳು. ಮಹಾಪ್ರಾಣ 'ಧ'ದ ಹೊಟ್ಟೆ ಸೀಳುವುದನ್ನು ಮರೆತಿದ್ದಳು, ಅಷ್ಟೆ. ಆ ಕೀಲಿಯ ಮೇಲೆ ಎರಡು ದ ಇದ್ದವು, ಅವಳಿ ಮಕ್ಕಳಂತೆ.

ಆ ವಾರ ನಮ್ಮ ಮನೆಯಲ್ಲಿ ಒಂದು ವಿಚಿತ್ರ ನಡೆಯಿತು. ಹುಟ್ಟಿದಾಗಿನಿಂದ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ, ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಕೇಳತೊಡಗಿದಳು. "ತಾತ, ಇದು ಯಾವ್ದು?" "ತಾತ, ಒತ್ತು ಎಲ್ಲಿದೆ?"

"ಈ ಎಫ್ ಇದೆಯಲ್ಲ, ಇದೇ ಒತ್ತು. ಒತ್ತಕ್ಷರ ಬೇಕು ಅಂದ್ರೆ ಇದನ್ನ ಒತ್ತಬೇಕು."

"ಒತ್ತಿಗೆ ಒತ್ತಬೇಕು?"

"ಹೂಂ, ಒತ್ತಿಗೆ ಒತ್ತು."

ಅವಳು ನಕ್ಕಿದ್ದಕ್ಕೆ ನಾನೂ ನಕ್ಕೆ. ಅಡುಗೆಮನೆಯಿಂದ ರೇಖಾ ಇಣುಕಿ ನೋಡಿದಳು. ತಾತ, ಮೊಮ್ಮಗಳು ಕನ್ನಡದಲ್ಲಿ ನಗುವುದನ್ನು ಅವಳು ಅದುವರೆಗೆ ನೋಡಿರಲಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅಂಕಣಕ್ಕೆ ವಿಷಯ ಬೇಕಲ್ಲ?

ಆ ವಾರ ತಲೆ ಖಾಲಿ. ಕಣ್ಣೆದುರು ಇದ್ದದ್ದು ಕೀಬೋರ್ಡ್. ಅದರ ವಿಮರ್ಶೆಯನ್ನೇ ಬರೆದೆ, ಅದರ ಮೇಲೆಯೇ. ಕೀಲಿಗಳ ಕೆಳಗೆ ಮಿನುಗುವ ಬಣ್ಣದ ದೀಪಗಳು ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ ಎಂದೆ. ಸ್ಪೇಸ್ ಬಾರ್ ಹಳ್ಳಿ ಬಸ್ಸಿನ ಕಿಟಕಿಯಂತೆ ಗಡಗಡ ಅನ್ನುತ್ತದೆ ಎಂದೆ. ಬಲಗಡೆಯ ನಂಬರ್ ಕೀಲಿಗಳನ್ನೇ ಕತ್ತರಿಸಿ ಕಳಿಸಿದ್ದಾರೆ ಎಂದೆ. ಎಲ್ಲ ಕೀಲಿಗಳೂ ಕಟಕಟ ಮಾತಾಡಿದರೆ ಬಲತುದಿಯ ಕೆಲವು ಮಾತ್ರ ಮೌನವ್ರತ ಹಿಡಿದಿವೆ, ಕಾರ್ಖಾನೆಯಲ್ಲಿ ಸಾಮಾನು ಮುಗಿದಿರಬೇಕು ಎಂದೆ. ಹೆಸರಿನಲ್ಲೇ 'ಧ' ಇಟ್ಟುಕೊಂಡ ಹುಡುಗಿಗೆ ಅದರ ಹೊಟ್ಟೆ ಸೀಳಲು ಬರುವುದಿಲ್ಲ ಎಂದೂ ಸೇರಿಸಿದೆ.

ಕೊನೆಗೆ ಒಂದು ಚುಚ್ಚು ಸಾಲು ಬೇಕಿತ್ತು. ಅಂಕಣ ಬರೆಯುವವರ ಚಟ ಅದು. ಕೂತು ಯೋಚಿಸಿ, ಕಟಕಟ ಅನ್ನಿಸುತ್ತಾ ಹೊಡೆದೆ: "ಅಗ್ಗದ ಕೀಬೋರ್ಡು, ಅಗ್ಗದ ಪ್ರೀತಿ. ಈಗಿನ ಮಕ್ಕಳಿಂದ ಇನ್ನೇನು ಸಿಗುತ್ತದೆ?"

ನಂಬಿ, ಬರೆಯುವಾಗ ಅದರಲ್ಲಿ ನನಗೆ ನಿಧಿಯೇ ಕಾಣಲಿಲ್ಲ. ಪ್ರಾಸ ಕಂಡಿತು.

ಬ್ರಿಸ್ಬೇನ್‌ನ ಫಾರೆಸ್ಟ್ ಲೇಕ್‌ನಿಂದ ಗೆಳೆಯ ರಾಮಣ್ಣನ ಫೋನ್ ಬಂತು. "ಏನ್ ಸ್ವಾಮಿ, ಮೊಮ್ಮಗಳನ್ನೂ ಬಿಡಲಿಲ್ವಲ್ರೀ ನೀವು. ಆ ಕೊನೇ ಲೈನ್ ಇದೆಯಲ್ಲ, ಸೂಪರ್." ಅಡಿಲೇಡ್‌ನಿಂದ ಒಬ್ಬ ತಾಯಿ ಮಾತಾಡಿದರು. "ಅಂಕಲ್, ನಮ್ಮ ಮಗನ್ನ ಕೂರಿಸ್ಕೊಂಡು ಓದಿ ಹೇಳ್ದೆ. ಸ್ವಲ್ಪನಾದ್ರೂ ನಾಟ್ಲಿ ಅಂತ." ನಾನು ಎರಡು ದಿನ ಉಬ್ಬಿಕೊಂಡು ಓಡಾಡಿದೆ.

ಮೂರನೆಯ ದಿನ ನಿಧಿ ಹಿತ್ತಲಿಗೆ ಬಂದಳು. ಕೈಯಲ್ಲಿ ಫೋನ್. ಯಾರೋ ಆಂಟಿ ಅವಳಿಗೆ, ನಿಮ್ಮ ತಾತ ನಿನ್ನ ಮೇಲೆ ಬರೆದಿದ್ದಾರೆ ನೋಡು ಎಂದು ಲಿಂಕ್ ಕಳಿಸಿದ್ದರಂತೆ. ಫೋನ್ ಅದನ್ನು ಇಂಗ್ಲಿಷಿಗೆ ತಿರುಗಿಸಿ ತೋರಿಸುತ್ತಿತ್ತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಗೊಂದಲವಿತ್ತು.

"ತಾತ, ಈ ಫೋನ್ ಏನೋ ವಿಯರ್ಡ್ ಆಗಿ ಟ್ರಾನ್ಸ್‌ಲೇಟ್ ಮಾಡ್ತಿದೆ. ಅಗ್ಗದ ಅಂದ್ರೆ ಏನು?"

ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. 'ಚೀಪ್ ಕೀಬೋರ್ಡ್, ಚೀಪ್ ಲವ್.' ಕೋರ್ಟಿನ ಮುಂದೆ ಕೂತು ಎಷ್ಟೋ ಅನುವಾದ ಟೈಪ್ ಮಾಡಿದ ನನಗೆ ಅದರಲ್ಲಿ ತಿದ್ದಲು ಒಂದು ಅಕ್ಷರವೂ ಇರಲಿಲ್ಲ.

ಹೇಳಬೇಕಾದದ್ದು ಗೊತ್ತಿತ್ತು. ತಪ್ಪಾಯಿತು ಪುಟ್ಟಿ, ಜನ ನಗಲಿ ಅಂತ ಬರೆದೆ. ಇಷ್ಟೇ ಮಾತು. ನಾನು ಹೇಳಿದ್ದೇನು?

"ಅಗ್ಗದ ಅಂದ್ರೆ... ಸಿಂಪಲ್. ಆಡಂಬರ ಇಲ್ಲದ್ದು. ಫೋನಿಗೆ ಕನ್ನಡ ಎಲ್ಲಿ ಬರುತ್ತಮ್ಮ?"

"ಸೋ, ಸಿಂಪಲ್ ಲವ್?"

"ಹೂಂ."

"ದಟ್ಸ್ ನೈಸ್, ತಾತ." ಅವಳು ಹಿಂದಿನಿಂದ ಬಂದು ನನ್ನ ಹೆಗಲು ತಬ್ಬಿಕೊಂಡಳು. ಒಳಗೆ ಹೋಗುವಾಗ ಹೊಸ ಪದವನ್ನು ಬಾಯಿಪಾಠ ಮಾಡುತ್ತಿದ್ದಳು. "ಅಗ್ಗದ. ಅಗ್ಗದ."

ಹೋಗಲಿ, ಪಾರಾದೆ ಅಂದುಕೊಂಡೆ. (ಸುಳ್ಳು ಹೇಳಿ ಮುಗಿಸಿದವರಿಗೆಲ್ಲ ಹೀಗೇ ಅನ್ನಿಸುವುದು.)

ಈಗ ಮತ್ತೆ ಆ ಭಾನುವಾರಕ್ಕೆ ಬನ್ನಿ. ನಮ್ಮ ಬಾರ್ಬಿ (ಬಾರ್ಬೆಕ್ಯೂಗೆ ಇಲ್ಲಿನವರು ಇಟ್ಟ ಮುದ್ದಿನ ಹೆಸರು) ಹೇಗಿರುತ್ತದೆಂದು ಬೆಂಗಳೂರಿನಲ್ಲಿ ಓದುವವರಿಗೆ ಹೇಳಿಬಿಡುತ್ತೇನೆ. ಪಾರ್ಕಿನಲ್ಲಿ ಕರೆಂಟ್ ಒಲೆ ಇರುತ್ತದೆ. ಎಲ್ಲರೂ ಸೇರಿ ಸುಟ್ಟು ತಿನ್ನುತ್ತಾರೆ. ನಮ್ಮಂಥ ಸಸ್ಯಾಹಾರಿಗಳು ಒಲೆಯ ಮೇಲೆ ಫಾಯಿಲ್ ಹಾಸಿ ಪನೀರ್, ಜೋಳ ಇಡುತ್ತೇವೆ. ಊಟದ ಕೊನೆಗೆ ಮಕ್ಕಳು ಒಬ್ಬೊಬ್ಬರಾಗಿ ಮೈಕಿನಲ್ಲಿ ಎರಡು ಸಾಲು ಕನ್ನಡ ಹೇಳಬೇಕು. ಅಪ್ಪ ಅಮ್ಮಂದಿರು ವಿಡಿಯೋ ಮಾಡಬೇಕು. ನಿಧಿಯ ವಯಸ್ಸಿನವರು ಆ ಹೊತ್ತಿಗೆ ಸರಿಯಾಗಿ ಕಾರಿನಲ್ಲಿ ಏನೋ ಮರೆತಿರುತ್ತಾರೆ.

ಈ ಸಲ ಅವಳು ತಾನಾಗಿಯೇ ಎದ್ದಳು. ರೇಖಾ ಗಾಬರಿಯಲ್ಲಿ ಫೋನ್ ಹುಡುಕಿದಳು.

"ಎಲ್ರಿಗೂ ನಮಸ್ಕಾರ. ಇವ್ರು ನಮ್ಮ ತಾತ. ನಾನು ಇವ್ರಿಗೆ ಕೀಬೋರ್ಡ್ ಕೊಟ್ಟೆ. ಇವ್ರು ನಂಗೆ ಕನ್ನಡ ಹೇಳ್ಕೊಡ್ತಾರೆ. ನಮ್ಮ ತಾತ ತುಂಬಾ ಅಗ್ಗದ ಮನುಷ್ಯ."

ನಗು ಎದ್ದಿತು. ಒಲೆಯ ಹತ್ತಿರ ನಿಂತಿದ್ದ ಒಬ್ಬರು ಕೂಗಿದರು. "ಅಗ್ಗ ಅಂದ್ರೆ ನಾವೇ ತಗೊಂಡ್ಹೋಗ್ತೀವಮ್ಮ. ರೇಟ್ ಹೇಳು."

ಅವಳೂ ಮೊದಲು ಎಲ್ಲರ ಜೊತೆ ನಕ್ಕಳು. ಆಮೇಲೆ ನಗು ಯಾಕೆ ನಿಲ್ಲುತ್ತಿಲ್ಲ ಎಂದು ಸುತ್ತ ನೋಡಿದಳು. "ವಾಟ್ ಡಿಡ್ ಐ ಸೇ, ಅಮ್ಮ?" ರೇಖಾ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದಳು. ನಿಧಿ ತಲೆ ಎತ್ತಿ, ಅಷ್ಟು ಜನರ ನಡುವೆ ನನ್ನೊಬ್ಬನನ್ನೇ ನೋಡಿದಳು.

ಹುಡುಗಿಯದು ತಪ್ಪಿಲ್ಲ, ನಾನು ಹೇಳಿಕೊಟ್ಟದ್ದು ಎಂದು ಎದ್ದು ಹೇಳಬಹುದಿತ್ತು. ಮೈಕ್ ಕೈಯಳತೆಯಲ್ಲೇ ಇತ್ತು. ನಾನು ಜೋಳ ತಿಂದೆ.

ಕಾರಿನಲ್ಲಿ ಮನೆಗೆ ಹೊರಟೆವು. ಸಿಗ್ನಲ್‌ನಲ್ಲಿ ನಿಂತಾಗ ಹಿಂದಿನ ಸೀಟಿನಿಂದ ಒಂದೇ ಮಾತು ಬಂತು.

"ಸೋ ದ ಫೋನ್ ವಾಸ್ ರೈಟ್."

ನನ್ನನ್ನು ಕೇಳಿದ್ದಲ್ಲ ಅದು. ಕಿಟಕಿಗೆ ಹೇಳಿದ್ದು.

ಮನೆಗೆ ಬಂದ ಮೇಲೆ ರೇಖಾ ಪಾತ್ರೆ ತೊಳೆಯುತ್ತಾ, ನನ್ನ ಕಡೆ ತಿರುಗದೆ ಹೇಳಿದಳು. "ಅಪ್ಪ, ಆ ಮೌನವ್ರತದ ಕೀಲಿಗಳು ಅಂತ ಬರೆದಿದ್ರಲ್ಲ. ಅದು ಕಾರ್ಖಾನೆಯವರು ಮಾಡಿದ್ದಲ್ಲ. ಅವಳೇ ಕೀಲಿಗಳ ಕೆಳಗಿನ ಸ್ವಿಚ್ ಬದಲಾಯಿಸಿದ್ದು. ನಿಮ್ಮ ಉಂಗುರದ ಬೆರಳು ನೋಯುತ್ತೆ ಅಂತೀರಲ್ಲ, ಆ ಬೆರಳು ಹೋಗೋ ಕಡೆಗೆಲ್ಲ ಹಗುರವಾಗಿ ಒತ್ತೋವು ಹಾಕಿದಾಳೆ. ಅವು ಶಬ್ದ ಮಾಡಲ್ವಂತೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದಳಪ್ಪ. ಡಬ್ಬ ತೆಗೆದ ದಿನಾನೇ ಹೇಳಿದಳು. ನೀವು ಲೈಟ್ ನೋಡಿ ನಗ್ತಾ ಇದ್ರಿ."

ನಾನು ರೂಮಿಗೆ ಹೋಗಿ ಬಲತುದಿಯ ಒಂದು ಕೀಲಿಯ ಟೋಪಿ ಕಿತ್ತು ನೋಡಿದೆ. ಅದರ ಕೆಳಗೆ ಒಂದು ಪುಟ್ಟ ಕೆಂಪು ಸ್ವಿಚ್ಚು. ಪಕ್ಕದ್ದು ಕಿತ್ತೆ. ಅದೂ ಕೆಂಪು. ನಡುವಿನ ಒಂದನ್ನು ಕಿತ್ತು ನೋಡಿದರೆ ನೀಲಿ. ಎಲ್ಲವೂ ನೀಲಿಯೇ ಆಗಿ ಬಂದ ಡಬ್ಬದಲ್ಲಿ, ನೋಯುವ ಒಂದು ಬೆರಳಿನ ದಾರಿಯುದ್ದಕ್ಕೂ ಯಾರೋ ಕೂತು ಕೆಂಪು ಹಾಕಿದ್ದರು.

ಮಾರನೆಯ ದಿನ ಅವಳ ಬಾಗಿಲು ತಟ್ಟಿದೆ. "ಸಾರಿ ಪುಟ್ಟಿ. ನಾನು ಬರೆದದ್ದೂ ತಪ್ಪು, ಆಮೇಲೆ ಹೇಳಿದ್ದು ಅದಕ್ಕಿಂತ ದೊಡ್ಡ ತಪ್ಪು."

"ಇಟ್ಸ್ ಫೈನ್, ತಾತ."

ಆ 'ಫೈನ್'ಗೆ ಅರ್ಥ ಏನೆಂದು ನಾನು ಯಾರನ್ನೂ ಕೇಳಬೇಕಾಗಲಿಲ್ಲ.

ಈಗ ಮನೆಯಲ್ಲಿ ಎಲ್ಲವೂ ಫೈನ್. ಬೆಳಗ್ಗೆ 'ಮಾರ್ನಿಂಗ್, ತಾತ' ಇದೆ. ಕಾಫಿ ಬೇಕಾ ಎಂದರೆ 'ನೋ, ಥ್ಯಾಂಕ್ಸ್' ಇದೆ. ನನ್ನ ಪಕ್ಕಕ್ಕೆ ಎಳೆದಿದ್ದ ಕುರ್ಚಿ ಡೈನಿಂಗ್ ಟೇಬಲ್ಲಿಗೆ ವಾಪಸ್ ಹೋಗಿದೆ. ಇದು ಯಾವ ಊರಿನ ಶಿಕ್ಷೆ? ಬೈದಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತು. ಅವಳು ಮತ್ತೆ ಕನ್ನಡ ಮಾತಾಡುತ್ತಾಳೋ ಇಲ್ಲವೋ ಗೊತ್ತಿಲ್ಲ. ಯಾಕೆ ಮಾತಾಡಬೇಕು? ಕಲಿಸಿದ ಮೇಷ್ಟ್ರೇ ಅರ್ಥ ಕೆಡಿಸಿ ಹೇಳಿದರೆ, ಅವಳು ಇನ್ನು ಯಾವ ಪದವನ್ನು ನಂಬಿ ಬಾಯಿಗೆ ಹಾಕಿಕೊಳ್ಳಬೇಕು?

ಆದ್ದರಿಂದ ಆ ಕೀಬೋರ್ಡಿನ ಸರಿಯಾದ ವಿಮರ್ಶೆಯನ್ನು ಈಗ ಬರೆಯುತ್ತೇನೆ. ಸ್ಪೇಸ್ ಬಾರ್ ಗಡಗಡ ಅನ್ನುವುದು ನಿಜ. ದೀಪಗಳನ್ನು ಆರಿಸಬಹುದು, ಹೇಗೆಂದು ಅವಳು ಮೊದಲ ದಿನವೇ ತೋರಿಸಿದ್ದಳು, ಆರಿಸಿದರೆ ನನಗೆ ಬರೆಯಲು ಹಾಸ್ಯ ಸಿಗುವುದಿಲ್ಲವೆಂದು ನಾನೇ ಉರಿಸಿಟ್ಟಿದ್ದೆ. ನಂಬರ್ ಕೀಲಿಗಳಿಲ್ಲದ್ದರಿಂದ ನನಗೇನೂ ನಷ್ಟವಾಗಿಲ್ಲ, ಮೇಜಿನ ಮೇಲೆ ಕಾಫಿ ಲೋಟಕ್ಕೆ ಜಾಗವಾಗಿದೆ. ಕಟಕಟ ಶಬ್ದ ಕೇಳಿದರೆ ಕೋರ್ಟಿನ ಎದುರಿನ ಬೇವಿನ ಮರ ನೆನಪಾಗುತ್ತದೆ. ಬೆರಳು ನೋಯುತ್ತಿಲ್ಲ. ಇದನ್ನು ಮೊದಲೇ ಬರೆಯಬೇಕಿತ್ತು: ಇದು ಬಂದ ವಾರದಿಂದ ನನ್ನ ಬೆರಳು ನೋಯುತ್ತಿಲ್ಲ. ಯಾಕೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಆ 'ದ'ದ ಹೊಟ್ಟೆ ಸೀಳದೆ ಹಾಗೇ ಬಿಟ್ಟಿದ್ದೇನೆ. ಪೆನ್ನು ಹಿಡಿದು ಹೋಗಿದ್ದೆ. ತಿದ್ದುವ ಹಕ್ಕು ನನಗಿದೆ ಅನ್ನಿಸಲಿಲ್ಲ.

ಈ ಬರಹವನ್ನೂ ನಿಧಿ ಫೋನಿನ ಮುಂದೆ ಹಿಡಿಯಬಹುದು. ಹಿಡಿಯಲಿ ಎಂಬುದೇ ನನ್ನ ಆಸೆ. ಹಾಗಾಗಿ ಈ ಸಲ ವಾಕ್ಯಗಳನ್ನು ಚಿಕ್ಕದಾಗಿ ಬರೆದಿದ್ದೇನೆ, ಫೋನಿಗೆ ಕಷ್ಟವಾಗದಿರಲಿ ಎಂದು. ಪುಟ್ಟಿ, ಫೋನ್ ಏನು ಹೇಳುತ್ತದೋ ಅದನ್ನೇ ನಂಬು. ಅಂದು ನೀನು ಮೈಕಿನಲ್ಲಿ ಹೇಳಿದ ಆ ಸಾಲನ್ನೂ ಅದಕ್ಕೆ ತೋರಿಸು.

ನಿನ್ನ ಕನ್ನಡದಲ್ಲಿ ಅಂದು ಒಂದು ತಪ್ಪೂ ಇರಲಿಲ್ಲ.