ಹೆಬ್ಬೂರಿನಲ್ಲಿ ನಿಂತ ಬಸ್ಸು, ತುಮಕೂರಿನಲ್ಲಿ ನಡೆದ ನಾಟಕ

ಇಂಥ ಕಥೆಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ಅರ್ಧಕ್ಕೇ ನಿಲ್ಲಿಸುತ್ತಿದ್ದವನು ನಾನು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಸತ್ತ ಅಜ್ಜಿ ಕನಸಿನಲ್ಲಿ ಬಂದು ಒಡವೆ ಇಟ್ಟ ಜಾಗ ತೋರಿಸಿದಳು ಎಂದು ಯಾರಾದರೂ ಹೇಳಿದರೆ, ಎಷ್ಟು ಗಂಟೆಗೆ ಬಂದಳು, ಪಕ್ಕದಲ್ಲಿ ಯಾರಿದ್ದರು, ಆ ಜಾಗ ಮೊದಲೇ ಯಾರಿಗೂ ಗೊತ್ತಿರಲಿಲ್ಲವೇ ಎಂದು ಕೇಳುತ್ತಿದ್ದೆ. ಮೂರನೆಯ ಪ್ರಶ್ನೆಯ ಹೊತ್ತಿಗೆ ಅವರು ಮಾತು ಬದಲಿಸುತ್ತಿದ್ದರು. ಹಾಗಾಗಿ ಈಗ ನಾನು ಬರೆಯುವುದನ್ನು ನಂಬಿ ಎಂದು ನಿಮ್ಮನ್ನು ಕೇಳುವ ಮುಖ ನನಗಿಲ್ಲ. ನಡೆದದ್ದನ್ನು ವೇಳೆಯ ಸಮೇತ ಬರೆಯುತ್ತೇನೆ. ಪ್ರಶ್ನೆಗಳನ್ನು ನೀವೇ ಕೇಳಿಕೊಳ್ಳಿ.

ನಿವೃತ್ತನಾದ ಮೇಲೆ ತುಮಕೂರಿನ ಒಂದು ಹವ್ಯಾಸಿ ನಾಟಕ ತಂಡಕ್ಕೆ ಸೇರಿಕೊಂಡೆ. ನನಗೆ ನಟನೆ ಬರುವುದಿಲ್ಲ. ತಂಡದಲ್ಲಿ ನನಗಿದ್ದದ್ದು ಎರಡು ಕೆಲಸ. ತಿಂಗಳ ಮೊದಲ ವಾರದಲ್ಲಿ ‘ಮುಂದಿನ ಪ್ರದರ್ಶನಗಳು’ ಎಂಬ ಕರಪತ್ರ ಬರೆದು ಅಚ್ಚು ಹಾಕಿಸುವುದು ಒಂದು. ಹಾಸ್ಯ ನಾಟಕ ಯಾವ ಭಾನುವಾರ, ರಂಗಗೀತೆಗಳ ಸಂಜೆ ಯಾವತ್ತು, ಗಂಭೀರ ನಾಟಕ ಯಾವ ಊರಿನಲ್ಲಿ, ಎಲ್ಲವೂ ಒಂದೇ ಹಾಳೆಯಲ್ಲಿ ಇರಬೇಕು. ಅದನ್ನು ಬಸ್‌ಸ್ಟ್ಯಾಂಡಿನಿಂದ ಹಿಡಿದು ಕಾಲೇಜುಗಳವರೆಗೆ ನಾನೇ ನಡೆದು ಅಂಟಿಸುತ್ತಿದ್ದೆ. ಇನ್ನೊಂದು ಕೆಲಸ ಪ್ರಾಂಪ್ಟಿಂಗ್. ರಂಗದ ಪಕ್ಕದ ಪರದೆಯ ಮರೆಯಲ್ಲಿ ನಾಟಕದ ಪುಸ್ತಕ ಹಿಡಿದು ನಿಂತು, ಮಾತು ಮರೆತ ನಟನಿಗೆ ಮೆಲ್ಲಗೆ ನೆನಪಿಸುವುದು.

ಇದಕ್ಕೂ ನನ್ನವೇ ನಿಯಮಗಳಿದ್ದವು. ನಟ ಮಾತು ನಿಲ್ಲಿಸಿದ ತಕ್ಷಣ ಹೇಳಿಕೊಡಬಾರದು, ಮನಸ್ಸಿನಲ್ಲಿ ಮೂರು ಎಣಿಸಬೇಕು. ಆಮೇಲೂ ಮೊದಲ ಎರಡು ಪದ ಮಾತ್ರ. ಪೂರ್ತಿ ಸಾಲು ಹೇಳಿದರೆ ನಟ ಸೋಮಾರಿಯಾಗುತ್ತಾನೆ. ಪ್ರದರ್ಶನದ ದಿನ ಸಂಜೆ ಐದಕ್ಕೆ ಎಲ್ಲರ ಫೋನೂ ಆಫ್ ಆಗಿ ಒಂದು ತಗಡಿನ ಡಬ್ಬಿಗೆ ಸೇರಬೇಕು ಎಂಬುದೂ ನನ್ನದೇ ನಿಯಮ. ನಟರ ಕೈಗೆ ಅವರವರ ಪಾತ್ರದ ಮಾತುಗಳ ಪ್ರತಿ ಮಾತ್ರ ಸಿಗುತ್ತಿತ್ತು. ಇಡೀ ನಾಟಕದ ಗುರುತು ಹಾಕಿದ ಪುಸ್ತಕ ನನ್ನ ಹತ್ತಿರ ಇರುತ್ತಿತ್ತು.

ಆ ವರ್ಷ ನಾವು ತೆಗೆದುಕೊಂಡದ್ದು ಹಾಡುಗಳಿರುವ ಒಂದು ಹಾಸ್ಯ ನಾಟಕ. ಮದುವೆಮನೆಯಲ್ಲಿ ಎರಡನೇ ಪಂಕ್ತಿ ಕೂರುವ ಹೊತ್ತಿಗೆ ಅಡುಗೆ ಮುಗಿದುಹೋಗಿರುತ್ತದೆ. ಹಿರಿಯ ಅಡುಗೆ ಭಟ್ಟರು ಅದನ್ನು ಮುಚ್ಚಿಡಲು ಪಡುವ ಪಾಡೇ ನಾಟಕ. ಕರಪತ್ರದಲ್ಲಿ ಮೂರು ಪ್ರದರ್ಶನ ಹಾಕಿದ್ದೆ, ಎರಡೆರಡು ವಾರದ ಅಂತರದಲ್ಲಿ: ತುಮಕೂರು, ಗುಬ್ಬಿ, ಕುಣಿಗಲ್. ಭಟ್ಟರ ಪಾತ್ರ ನಂಜುಂಡಯ್ಯನವರದು. ಅವರಿಗೆ ಗುಬ್ಬಿಯಲ್ಲಿ ಬಟ್ಟೆ ಅಂಗಡಿ. ವಯಸ್ಸು ಎಪ್ಪತ್ತು. ಕೋಸಂಬರಿಯಿಂದ ಮೊಸರನ್ನದವರೆಗೆ ಇಪ್ಪತ್ತಾರು ಪದಾರ್ಥಗಳ ಹೆಸರನ್ನು ಒಂದೇ ಉಸಿರಿನಲ್ಲಿ ಅವರು ಹೇಳಬೇಕು. ಮೊಸರನ್ನ ಎಂದ ಕೂಡಲೇ ಹಾರ್ಮೋನಿಯಂ ಎತ್ತಿಕೊಳ್ಳುತ್ತದೆ, ಹಾಡು ಶುರು. ಒಂದು ಹೆಸರು ತಪ್ಪಿದರೂ ಆ ದೃಶ್ಯ ಬಿತ್ತು.

ನಂಜುಂಡಯ್ಯನವರು ಕೆಲವು ತಿಂಗಳುಗಳಿಂದ ಮರೆಯತೊಡಗಿದ್ದರು. ಹಳೆಯ ಗಿರಾಕಿಗಳ ಹೆಸರು ಬಾಯಿಗೆ ಬರುತ್ತಿರಲಿಲ್ಲ. ರಿಹರ್ಸಲಿನಲ್ಲಿ ಒಂದು ದಿನ ಹಪ್ಪಳಕ್ಕೆ ನಿಂತವರು ಮುಂದಕ್ಕೆ ಹೋಗಲೇ ಇಲ್ಲ, ಗೋಡೆ ನೋಡುತ್ತ ನಿಂತುಬಿಟ್ಟರು. ಗುಬ್ಬಿಯಲ್ಲಿ ತನ್ನ ಊರಿನವರ ಎದುರು ಈ ಪಾತ್ರ ಮಾಡಬೇಕು ಎನ್ನುವುದೊಂದೇ ಅವರ ಆಸೆ. ತಂಡದ ಕಾರ್ಯದರ್ಶಿ ಚಂದ್ರು, ಔಷಧಿ ಅಂಗಡಿಯವನು, ಒಳ್ಳೆಯವನೇ. ಅವನು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ:

“ಮೇಷ್ಟ್ರೇ, ತುಮಕೂರಲ್ಲಿ ನೋಡೋಣ. ಅಲ್ಲಿ ನಿಂತುಬಿಟ್ರೆ ಉಳಿದ ಎರಡೂ ಶೋ ಬೇರೆಯವರಿಗೆ ಕೊಡೋಣ. ಅದನ್ನ ಅವ್ರಿಗೆ ನಾನ್ ಹೇಳಲ್ಲ. ನೀವೇ ಹೇಳ್ಬೇಕು.”

ನಾನು ಒಪ್ಪಿದೆ.

ತುಮಕೂರಿನ ಪ್ರದರ್ಶನದ ದಿನ ಬೆಳಿಗ್ಗೆ ನಾನು ಕುಣಿಗಲ್ಲಿಗೆ ಹೋಗಬೇಕಾಯಿತು. ಅಲ್ಲಿನ ಸಭಾಂಗಣದ ರಂಗದ ಅಳತೆ, ಸ್ವಿಚ್‌ಗಳಿರುವ ಜಾಗ ನೋಡಿಕೊಂಡು ಬರಲು ಆ ಭಾನುವಾರವೇ ಸಮಯ ಕೊಟ್ಟಿದ್ದರು. ಮೂರೂವರೆಯ ಬಸ್ಸು ಹಿಡಿದರೆ ಐದಕ್ಕೆ ಮೊದಲು ತುಮಕೂರು ತಲುಪುತ್ತೇನೆ, ನಾಟಕ ಆರೂವರೆಗೆ. ಪುಸ್ತಕ ನನ್ನ ಕೈಚೀಲದಲ್ಲೇ ಇತ್ತು.

ಹೆಬ್ಬೂರು ದಾಟುತ್ತಿದ್ದಂತೆ ಬಸ್ಸು ನಿಂತಿತು. ಮುಂದೆ ತೆಂಗಿನಕಾಯಿ ತುಂಬಿದ ಲಾರಿ ರಸ್ತೆಗೆ ಅಡ್ಡಲಾಗಿ ಮಗುಚಿತ್ತು. ಎರಡೂ ಕಡೆ ಸಾಲು ಬೆಳೆದು, ಬೈಕು ನುಸುಳಲೂ, ಆಚೆ ಕಡೆಯ ವಾಹನ ಹಿಂದಕ್ಕೆ ತಿರುಗಲೂ ಜಾಗವಿರಲಿಲ್ಲ. ಕ್ರೇನ್ ಬರಬೇಕೆಂದರು. ಐದಾಯಿತು. ಚಂದ್ರುಗೆ ಫೋನ್ ಮಾಡಿದೆ, ಆಫ್. ನಂಜುಂಡಯ್ಯನವರದು ಆಫ್. ವೇಷಭೂಷಣ ನೋಡಿಕೊಳ್ಳುವ ಸಾವಿತ್ರಮ್ಮನದೂ ಆಫ್. ನನ್ನ ನಿಯಮವನ್ನು ಅವರು ಅಷ್ಟು ಚೆನ್ನಾಗಿ ಪಾಲಿಸುತ್ತಾರೆಂದು ನನಗೆ ಅಂದೇ ತಿಳಿದದ್ದು. ಮನೆಯಿಂದ ಯಾರನ್ನಾದರೂ ಕಳಿಸೋಣವೆಂದರೆ ನನ್ನ ಹೆಂಡತಿ ಚೇಳೂರಿನ ತಂಗಿಯ ಮನೆಗೆ ಹೋಗಿದ್ದಳು.

ಹಿಂದಕ್ಕೆ ನಡೆದು ಹೆಬ್ಬೂರಿನ ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತೆ. ನಾನು ಮತ್ತೆ ಮತ್ತೆ ಗಡಿಯಾರ ನೋಡುವುದನ್ನು ಕಂಡು ಅಂಗಡಿಯವನು ಮದುವೆಗೆ ಹೊರಟಿದ್ದೀರಾ ಎಂದು ಕೇಳಿದ. ನಾಟಕಕ್ಕೆ ಎಂದೆ.

“ನೀವಿಲ್ದಿದ್ರೆ ನಾಟ್ಕ ನಿಂತೋಯ್ತದಾ ಸಾ? ಕೂತ್ಕಳಿ, ಇನ್ನೊಂದ್ ಟೀ ಕುಡೀರಿ.”

ಆರೂವರೆಯಾಯಿತು. ಕೈ ಕಟ್ಟಿ ಕೂರುವುದು ನನ್ನಿಂದಾಗದು. ಪುಸ್ತಕ ತೆಗೆದೆ. ಈಗ ಮೂರನೇ ಗಂಟೆ ಬಾರಿಸಿರುತ್ತಾರೆ, ಈಗ ಪರದೆ ಎದ್ದಿರುತ್ತದೆ ಎಂದು ಗಡಿಯಾರದ ಲೆಕ್ಕದಲ್ಲಿ ಹಾಳೆ ತಿರುಗಿಸುತ್ತ ಹೋದೆ. ತುಟಿಯೂ ಆಡುತ್ತಿತ್ತು. ಎದುರಿಗೆ ನಟರಿಲ್ಲದ ಕಾರಣ ಎಲ್ಲೂ ನಿಲ್ಲಿಸುವ ಅಗತ್ಯ ಬೀಳಲಿಲ್ಲ, ಇಪ್ಪತ್ತಾರು ಪದಾರ್ಥಗಳನ್ನೂ ಒಟ್ಟಿಗೆ ಓದಿದೆ. ಅದನ್ನು ಕೇಳಿದ ಅಂಗಡಿಯವನು ಅಡುಗೆ ಕಂಟ್ರಾಕ್ಟ್ ಮಾಡ್ತೀರಾ ಅಂದ.

ಎಂಟಕ್ಕೆ ಸ್ವಲ್ಪ ಮೊದಲು ದಾರಿ ಬಿಟ್ಟಿತು. ಒಂದು ಹಾಲಿನ ವ್ಯಾನಿನವನು ಹತ್ತಿಸಿಕೊಂಡ, ಉಳಿದ ಹಾಳೆಗಳನ್ನು ಅವನ ಪಕ್ಕದಲ್ಲೇ ಫೋನಿನ ಬೆಳಕಿನಲ್ಲಿ ಓದಿ ಮುಗಿಸಿದೆ. ಸಭಾಂಗಣ ತಲುಪಿದಾಗ ಎಂಟೂ ನಲವತ್ತು, ನಾಟಕ ಮುಗಿದು ಜನ ಹೊರಗೆ ಬರುತ್ತಿದ್ದರು. ನಾನು ಹಿಂದಿನ ಬಾಗಿಲಿನಿಂದ ಒಳಗೆ ಹೋದೆ. ಅರ್ಧ ಬಣ್ಣ ಒರೆಸಿಕೊಂಡಿದ್ದ ನಂಜುಂಡಯ್ಯನವರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

“ಮೇಷ್ಟ್ರೇ, ಇವತ್ತು ನೀವಿಲ್ದೆ ಇದ್ದಿದ್ರೆ ನನ್ ಕತೆ ಮುಗೀತಿತ್ತು.”

ಕುಟುಕುತ್ತಿದ್ದಾರೆ ಎಂದುಕೊಂಡೆ, ಅದಕ್ಕೆ ನಾನು ಅರ್ಹನೂ ಆಗಿದ್ದೆ. ಬಸ್ಸು, ಲಾರಿ ಎಂದು ಶುರು ಮಾಡುವಷ್ಟರಲ್ಲಿ ಚಂದ್ರು ಬಂದು, ಪರದೆ ಬಿದ್ದ ಕೂಡಲೇ ಎಲ್ಲಿ ಮಾಯವಾದಿರಿ, ಹತ್ತು ನಿಮಿಷದಿಂದ ಹುಡುಕುತ್ತಿದ್ದೇನೆ ಎಂದ. ನಂಜುಂಡಯ್ಯನವರು ಒಂದು ಮಾತೂ ಬಿಡದೆ ಹೇಳಿದ್ದಾರೆ, ಗುಬ್ಬಿಗೆ ಅವರೇ ಎಂದು ನನ್ನ ಕಿವಿಯಲ್ಲಿ ಹೇಳಿದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಬಸ್ಸು, ಲಾರಿಯ ಮಾತನ್ನು ಅಲ್ಲಿಗೇ ಬಿಟ್ಟೆ. ನಿಜ ಹೇಳಬೇಕೆಂದರೆ, ಆ ಕ್ಷಣ ನನಗೆ ಆಗಿದ್ದು ಭಯವಲ್ಲ, ಮುಜುಗರ.

ಮುಂದಿನ ಎರಡು ದಿನ, ನಾನು ಅಲ್ಲಿರಲಿಲ್ಲ ಎಂಬುದನ್ನು ಬಿಟ್ಟುಕೊಡದೆ, ಒಬ್ಬೊಬ್ಬರನ್ನೇ ವಿಚಾರಿಸಿದೆ. ಆರೂಕಾಲಕ್ಕೆ ಬಲಗಡೆ ಪರದೆಯ ಹಿಂದೆ ಯಾರೋ ನಿಂತಿದ್ದನ್ನು ಬೆನ್ನಿನಿಂದ ನೋಡಿ, ನಾನೇ ಎಂದುಕೊಂಡು ಚಂದ್ರು ಮೊದಲ ಗಂಟೆ ಬಾರಿಸಿದ್ದ. ಸಾವಿತ್ರಮ್ಮ ಎಂದಿನಂತೆ ನನಗೆಂದು ಸ್ಟೂಲಿನ ಮೇಲೆ ಬಿಸಿನೀರು ಇಟ್ಟಿದ್ದಳು, ಆಮೇಲೆ ನೋಡಿದರೆ ಲೋಟ ಖಾಲಿ. ಹಾರ್ಮೋನಿಯಂ ನುಡಿಸುವವರು ಬಿಳಿ ಅಂಗಿ ಕಂಡಿತು ಎಂದರು. ಕೈಯಲ್ಲಿ ಪುಸ್ತಕ ಇತ್ತೇ ಎಂದರೆ, ಇದ್ದೇ ಇರಬೇಕಲ್ಲ ಎಂದರು. ಮುಖ ನೋಡಿದವರು ಯಾರೂ ಇಲ್ಲ. ಇವುಗಳಲ್ಲಿ ಒಂದೊಂದಕ್ಕೂ ಸಮಾಧಾನ ಹೇಳಬಹುದು. ನಮ್ಮ ತಂಡದಲ್ಲಿ ಬಿಳಿ ಅಂಗಿ ನನ್ನೊಬ್ಬನದೇ ಅಲ್ಲ, ಬಾಯಾರಿದವರು ಯಾರಾದರೂ ನೀರು ಕುಡಿಯಬಹುದು. ಆದರೆ ತಾನು ಅಲ್ಲಿ ನಿಂತಿದ್ದೆ ಎಂದು ಒಬ್ಬನೂ ಹೇಳಲಿಲ್ಲ. ಹೆಂಡತಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ.

“ನೀವಿಲ್ದಿದ್ರೂ ನಿಮ್ಮ ರೂಲ್ಸು ತಾವೇ ಎದ್ದು ಓಡಾಡ್ತವೆ ಬುಡಿ,” ಎಂದು ನಕ್ಕಳು.

ಗುಬ್ಬಿಯ ಪ್ರದರ್ಶನಕ್ಕೆ ನಾನು ಮಧ್ಯಾಹ್ನವೇ ಹೋಗಿ ಕುಳಿತೆ. ಅಂದು ನಂಜುಂಡಯ್ಯನವರು ಮೂರು ಸಲ ನಿಂತರು. ಪ್ರತಿ ಸಲವೂ ಮೂರು ಎಣಿಸಿ ಎರಡು ಪದ ಹೇಳಿಕೊಟ್ಟೆ. ಮೂರನೆಯ ಸಲ ನಿಂತದ್ದು ಪದಾರ್ಥಗಳ ಪಟ್ಟಿಯ ನಡುವೆ. ಎರಡು ಪದ ಸಾಲಲಿಲ್ಲ, ಮತ್ತೆ ಎರಡು ಹೇಳಿದೆ, ಅವರು ನನ್ನ ಕಡೆ ತಿರುಗಿಯೇ ನೋಡಿದರು. ಮುಂದಿನ ಸಾಲಿನಿಂದ ಯಾರೋ ಅವರ ಅಂಗಡಿಯ ಗಿರಾಕಿ, “ನಂಜುಂಡಣ್ಣ, ಚೀಟೀಲಿ ಬರ್ಕೊಂಡ್ ಬರೋದಲ್ವಾ,” ಎಂದು ಕೂಗಿದ. ಜನ ನಕ್ಕರು. ಬಹಳ ಜನ ಅದನ್ನೂ ನಾಟಕದ ಭಾಗವೆಂದೇ ತಿಳಿದರು. ಅವರು ಮಾತ್ರ ಬಣ್ಣ ಒರೆಸಿಕೊಂಡು ನೇರವಾಗಿ ಮನೆಗೆ ನಡೆದರು.

ಕುಣಿಗಲ್ಲಿಗೆ ಬೇರೆಯವರು ಎಂದು ಚಂದ್ರು ತೀರ್ಮಾನಿಸಿದ. ಹೇಳುವ ಕೆಲಸ ನನ್ನದಲ್ಲವೇ, ಮಾರನೆಯ ದಿನ ಹತ್ತೂವರೆಗೆ ಗುಬ್ಬಿಯ ಅಂಗಡಿಗೆ ಹೋದೆ. ನಂಜುಂಡಯ್ಯನವರು ಟವೆಲುಗಳನ್ನು ಮಡಿಸಿ ಜೋಡಿಸುತ್ತಿದ್ದರು. ಕಾಫಿ ತರಿಸಿದರು. ನಾನು ಮಾತು ತೆಗೆಯುವ ಮೊದಲೇ ಅವರು ಹೇಳಿದರು:

“ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ. ತುಮಕೂರಲ್ಲಿ ನಾನು ನಿಲ್ಲೋಕ್ ಮುಂಚೇನೇ ಹೇಳ್ಕೊಡ್ತಿದ್ರಿ. ಸಾಲು ಪೂರ್ತಿ, ಕಿವಿ ಹತ್ರಾನೇ. ನಾನು ಸುಮ್ನೆ ಹಿಂದೆ ಹೋಗ್ತಿದ್ದೆ. ನಿನ್ನೆ ಯಾಕೆ ನಿಂತ್ ಮೇಲೆ ಹೇಳಿದ್ರಿ?”

ನಿಲ್ಲುವ ಮೊದಲು ಹೇಳುವುದು, ಪೂರ್ತಿ ಸಾಲು ಹೇಳುವುದು, ಎರಡೂ ನಾನು ಜೀವಮಾನದಲ್ಲಿ ಮಾಡದ ಕೆಲಸ. ಆಗ ನಡೆದದ್ದನ್ನೆಲ್ಲ ಹೇಳಿಬಿಟ್ಟೆ: ಲಾರಿ, ಹೆಬ್ಬೂರಿನ ಬೆಂಚು, ಅಲ್ಲಿ ಓದಿದ್ದು. ಅವರಿಗೆ ಗಾಬರಿಯಾಗಬಹುದೆಂದು ನೀರಿನ ಲೋಟವನ್ನು ಹತ್ತಿರಕ್ಕೆ ಸರಿಸಿಟ್ಟುಕೊಂಡಿದ್ದೆ. ಅವರು ಕೈಯಲ್ಲಿದ್ದ ಟವೆಲನ್ನು ಮಡಿಸಿ ಮುಗಿಸಿದರು, ಕಾಫಿ ಕುಡಿದು ಮುಗಿಸಿದರು.

“ಹಂಗಾದ್ರೆ ಕುಣಿಗಲ್‌ಗೆ ನೀವು ಬರೋದ್ ಬ್ಯಾಡ ಮೇಷ್ಟ್ರೇ,” ಎಂದರು.

ನಾನು ಹೇಳಲು ಹೋದದ್ದನ್ನು ಹೇಳದೆ ಹಿಂದಿರುಗಿದೆ. ಚಂದ್ರುಗೆ, ಪಾತ್ರ ಅವರೇ ಮಾಡಲಿ, ಪ್ರಾಂಪ್ಟಿಂಗ್ ಬೇಡವಂತೆ, ಕೆಟ್ಟರೆ ನನ್ನ ಹೆಸರನ್ನು ತಂಡದಿಂದ ತೆಗೆದುಹಾಕು ಎಂದೆ. ನಿಮ್ಮಿಬ್ಬರಲ್ಲಿ ಯಾರಿಗೆ ಮರೆವು ಅಂತಲೇ ಗೊತ್ತಾಗುತ್ತಿಲ್ಲ ಎಂದು ಅವನು ಸಿಟ್ಟಾದ. ಆದರೂ ಒಪ್ಪಿದ.

ಕುಣಿಗಲ್ಲಿನ ಪ್ರದರ್ಶನದ ಭಾನುವಾರ ಸಂಜೆ ಮನೆಯಲ್ಲೇ ಇದ್ದೆ. ಆರೂವರೆಗೆ ಪುಸ್ತಕ ತೆರೆಯಬೇಕೋ ಬೇಡವೋ ಎಂದು ತೀರ್ಮಾನಿಸಲಾಗದೆ ಒಳಗೂ ಹೊರಗೂ ಓಡಾಡಿದೆ. ತೆರೆದರೆ ಏನನ್ನೋ ಒಪ್ಪಿಕೊಂಡಂತೆ. ತೆರೆಯದೆ ಇದ್ದು ಅಲ್ಲಿ ಅವರು ನಿಂತುಬಿಟ್ಟರೆ? ಕೊನೆಗೆ ತೆರೆದೆ. ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೇಳದಷ್ಟು ಮೆಲ್ಲಗೆ ಓದುತ್ತ ಹೋದೆ. ನಡುವೆ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯವರು ನಲ್ಲಿ ನೀರಿನ ವಿಷಯ ಹಿಡಿದು ಬಂದಿದ್ದರು. ಅವರನ್ನು ಕಳಿಸಿ ಬರಲು ಎರಡು ಮೂರು ನಿಮಿಷವಾಯಿತು. ಆಗ ಏಳೂ ಇಪ್ಪತ್ತು. ಬಂದು ನಿಲ್ಲಿಸಿದಲ್ಲಿಂದ ಓದಿ ಮುಗಿಸಿದೆ.

ಒಂಬತ್ತಕ್ಕೆ ನಂಜುಂಡಯ್ಯನವರ ಫೋನ್ ಬಂತು. ದನಿ ಹಗುರವಾಗಿತ್ತು.

“ಎಲ್ಲಾ ಸರಿಹೋಯ್ತು ಮೇಷ್ಟ್ರೇ. ಮಧ್ಯೆ ಒಂದ್ ಕಡೆ ಮಾತ್ರ ಪೂರಾ ಖಾಲಿ ಆಗೋಯ್ತು. ಹಾರ್ಮೋನಿಯಂನೋರು ಹಾಡನ್ನ ಇನ್ನೊಂದು ಸುತ್ತು ಎಳೆದು ಕಾಪಾಡಿದ್ರು. ಆಮೇಲೆ ತಾನಾಗಿ ಬಂತು.”

ಒಳ್ಳೆಯದಾಯಿತು ಎಂದೆ. ಪಕ್ಕದ ಮನೆಯವರ ವಿಷಯ ಹೇಳಲಿಲ್ಲ.

ಇದಾಗಿ ನಾಲ್ಕು ವರ್ಷ. ಅವರು ಆಮೇಲೆ ಪಾತ್ರ ಮಾಡಲಿಲ್ಲ, ಕುಣಿಗಲ್ಲಿನದು ಸಾಕು ಎಂದರು. ಈಗ ನಮ್ಮ ಪ್ರದರ್ಶನಗಳಿಗೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಕೆಲವೊಮ್ಮೆ ನನ್ನ ಹೆಸರನ್ನೂ ಹುಡುಕುತ್ತಾರೆ. ಕುಣಿಗಲ್ಲಿನ ಆ ಸಂಜೆ ರಂಗದ ಮೇಲೆ ಅವರ ಮಾತು ನಿಂತದ್ದು ಎಷ್ಟು ಗಂಟೆಗೆ ಎಂದು ಹಾರ್ಮೋನಿಯಂ ನುಡಿಸುವವರನ್ನು ಕೇಳಿದರೆ ಹೇಳಿಯಾರು. ಅವರು ಮುಂದೆ ಗಡಿಯಾರ ಇಟ್ಟುಕೊಂಡೇ ಕೂತು, ಪ್ರತಿ ಹಾಡಿನ ವೇಳೆಯನ್ನೂ ಬರೆದಿಡುವವರು. ಅವರ ಮನೆ ನನ್ನ ಮನೆಯಿಂದ ಎರಡು ಬೀದಿ ಆಚೆ, ಬೆಳಗಿನ ನಡಿಗೆಯಲ್ಲಿ ದಿನವೂ ಸಿಗುತ್ತಾರೆ. ನಾನು ಇನ್ನೂ ಕೇಳಿಲ್ಲ.