ಎರಡನೆಯ ಹಡಗಿಗೆ ನಾನು ಆರಿಸಿದ ಮೋಟರು

ಆಗೆಲ್ಲ ಜೋರಾಪುರ ಪೇಟೆಯ ನಮ್ಮ ಮನೆಯಲ್ಲಿ ಕೆಟ್ಟ ಸಾಮಾನೊಂದೂ ನೇರ ಗುಜರಿಗೆ ಹೋಗುತ್ತಿರಲಿಲ್ಲ. ಹಾಡು ನಿಲ್ಲಿಸಿದ ಟೇಪ್ ರೆಕಾರ್ಡರ್, ಬಲ್ಬು ಹೋದ ಎಮರ್ಜೆನ್ಸಿ ಲೈಟು, ಚಕ್ರ ಮುರಿದ ರಿಮೋಟ್ ಕಾರು, ಎಲ್ಲವೂ ಮೊದಲು ಅಟ್ಟಕ್ಕೆ, ನಮ್ಮಿಬ್ಬರ ಕೈಗೆ. ಇಬ್ಬರೆಂದರೆ ನಾನು ಮತ್ತು ದೊಡ್ಡಪ್ಪನ ಮಗ ಮಾಂತು. ಅವನು ನನಗಿಂತ ಒಂದೇ ವರ್ಷ ದೊಡ್ಡವನು, ಓದುವುದು ಒಂದೇ ಶಾಲೆ. ನಾನು ಬೆಸುಗೆ ಹಾಕುತ್ತಿದ್ದೆ, ಅವನು ವೈರು ಹಿಡಿಯುತ್ತಿದ್ದ. ಅವ್ವ ಶೇಂಗಾ ಹಿಂಡಿ ಸವರಿದ ರೊಟ್ಟಿ ಕಳಿಸಿದರೆ ಹರಿದು ಹಂಚಿಕೊಂಡು ತಿನ್ನುತ್ತಿದ್ದೆವು.

ನಾನು ಆರನೆಯ ತರಗತಿಯಲ್ಲಿದ್ದಾಗ ರಿಮೋಟಿನಲ್ಲಿ ಓಡುವ ಹಡಗು ಮಾಡಿದೆವು. ಥರ್ಮೋಕೋಲು ಕೊರೆದು ಆಕಾರ ತಂದವನು ಮಾಂತು. ಮೋಟರು, ಬ್ಯಾಟರಿ ಆರಿಸಿದ್ದು ನಾನು. ಅವನಿಗೆ ಕಾರಿನ ಮೋಟರೇ ಬೇಕಿತ್ತು, ಅದು ಗರ್ರೆಂದು ತಿರುಗುತ್ತಿತ್ತು. ಒಂದು ವಾರ ಬಕೆಟ್ಟಿನ ಮುಂದೆ ಕೂತು ನಾನು ಎಲ್ಲವನ್ನೂ ಓಡಿಸಿ ನೋಡಿದೆ. ನೀರು ತಳ್ಳುವ ದೊಡ್ಡ ಫ್ಯಾನು ಸಿಕ್ಕಿಸಿ ಬಕೆಟ್ಟಿಗಿಳಿಸಿದರೆ ಕಾರಿನ ಮೋಟರು ತಿಣುಕುತ್ತಿತ್ತು, ಕರೆಂಟು ಎಳೆದೆಳೆದು ಕೈ ಸುಡುವಷ್ಟು ಕಾಯುತ್ತಿತ್ತು. ಟೇಪ್ ರೆಕಾರ್ಡರಿನ ಮೋಟರು ನಿಧಾನ, ಆದರೆ ಗಂಟೆಗಟ್ಟಲೆ ಓಡುತ್ತಿತ್ತು. ಎಮರ್ಜೆನ್ಸಿ ಲೈಟಿನ ಆರು ವೋಲ್ಟಿನ ಬ್ಯಾಟರಿ ಇಟ್ಟಿಗೆಯಂತೆ ಭಾರ. ಅದನ್ನು ಹಡಗಿನ ತಳದಲ್ಲಿ ಮಲಗಿಸಿದೆ, ಹಡಗು ವಾಲುವುದು ನಿಂತಿತು.

ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ದೊಡ್ಡ ಟಬ್ಬಿನ ನೀರಲ್ಲಿ ಅದು ಮುಂಜಾನೆಯೆಲ್ಲ ಓಡಿತು. ತಿಕೋಟಾದಿಂದ ಬರುತ್ತಿದ್ದ ವಿಜ್ಞಾನದ ಸರ್ ಬಗ್ಗಿ ನೋಡಿ ಕೇಳಿದರು, "ಯಾರ ಮಾಡೀರಿ ಇದನ್ನ?"

"ನಾನ ಮಾಡೇನ್ರಿ ಸರ್," ಅಂದ ಮಾಂತು. "ನಮ್ಮ ತಂಗಿ ಬಣ್ಣ ಹಚ್ಯಾಳ್ರಿ."

ನಾನು ಅವನ ಬೆನ್ನ ಹಿಂದೆಯೇ ನಿಂತಿದ್ದೆ. ಅವನಿಗೆ ಮೊದಲ ಬಹುಮಾನ ಬಂತು. ಸಂಜೆ ದೊಡ್ಡಪ್ಪ ಓಣಿಗೆಲ್ಲ ಪೇಡೆ ಹಂಚಿದರು. ಅವ್ವನ ಹತ್ತಿರ ಹೇಳಿಕೊಂಡರೆ, "ಅಣ್ಣಗ ಬಂದ್ರೇನು, ನಿನಗ ಬಂದ್ರೇನು? ಒಂದ ಮನಿ ಅಲ್ಲೇನು?" ಅಂದಳು. ನಾನು ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಕಾದೆ.

ಬೇಸಿಗೆಯಲ್ಲಿ ಘೋಣಸಗಿಗೆ, ನಮ್ಮಜ್ಜ ಮುತ್ಯಾನ ತೋಟಕ್ಕೆ ಹೋದೆವು. ಶೆಡ್ಡಿನಲ್ಲಿ ದ್ರಾಕ್ಷಿ ಒಣಗುತ್ತಿತ್ತು. ಗಂಧಕದ ಘಾಟು, ಅದರ ಹಿಂದೆಯೇ ಸಿಹಿ ವಾಸನೆ. ಪಕ್ಕದಲ್ಲಿ ಕರಿ ಪ್ಲಾಸ್ಟಿಕ್ ಹಾಸಿದ ನೀರಿನ ಹೊಂಡ. ಮುತ್ಯಾ ಸರ್‌ಗೆ ಹೇಳಿ ಕಳಿಸಿದ್ದ: "ನಿಮ್ಮ ಶಿಷ್ಯಾ ಐತವಾರ ಹೊಂಡದಾಗ ದೊಡ್ಡ ಹಡಗ ಬಿಡ್ತಾನ, ಬರ್ರಿ."

ಮಾಂತು ನನ್ನ ಹತ್ತಿರವೇ ಬಂದ. "ಈ ಸಲ ಜೋರ ಓಡಬೇಕು. ಯಾವ ಮೋಟರ್ ಹಾಕೂಣು?"

"ಕಾರಿಂದು ಹಾಕು. ಫ್ಯಾನ್ ದೊಡ್ಡದು ಹಚ್ಚು. ಬ್ಯಾಟರಿ ಅದ ಇರಲಿ."

"ಹೋದ ಸಲ ಬ್ಯಾಡ ಅಂದಿದ್ದೆಲ್ಲ?"

"ಅದು ಟಬ್ಬು, ಇದು ಹೊಂಡ. ಇಲ್ಲಿ ಶಕ್ತಿ ಬೇಕು."

ನಂಬಿದ. ಬಕೆಟ್ಟಿನಲ್ಲಿ ಅರ್ಧ ನಿಮಿಷ ಓಡಿಸಿ ಮೋಟರು ಮುಟ್ಟಿ ನೋಡಿದ. "ಬಿಸಿ ಆಗಾಕತ್ತೈತಲ್ಲ?"

"ಹೊಂಡದಾಗ ನೀರು ಭಾಳ ಐತಿ. ತಂಪಾಗ್ತೈತಿ ತಗೋ."

ಬೆಸುಗೆ ನಾನೇ ಹಾಕಿದೆ.

ಭಾನುವಾರ ಸರ್ ಬಂದರು. ಮುತ್ಯಾ, ದೊಡ್ಡಪ್ಪ, ಶೆಡ್ಡಿನಲ್ಲಿ ದ್ರಾಕ್ಷಿ ಆರಿಸುವ ಹೆಣ್ಣುಮಕ್ಕಳು ದಂಡೆಯಲ್ಲಿ ಸೇರಿದರು. ಹಡಗು ಬಾಣದಂತೆ ಹೊರಟಿತು. ಚಪ್ಪಾಳೆ ಬಿತ್ತು. ಆಚೆ ದಂಡೆಗೆ ದಾಟಿಬಿಟ್ಟರೆ ಏನು ಗತಿ ಎಂದುಕೊಂಡೆ. ನಡುನೀರಿಗೆ ಹೋದದ್ದೇ ಮೋಟರಿನ ದನಿ ಕೀರಲಾಯಿತು, ನರಳಿತು, ನಿಂತಿತು. ಒಳಗಿಂದ ಹೊಗೆ ಎದ್ದಿತು. "ಯವ್ವಾ, ಹಡಗ ಬೀಡಿ ಸೇದಾಕತ್ತೈತಿ!" ಎಂದು ಒಬ್ಬಾಕೆ ಕೂಗಿದಳು. ದಂಡೆಯೆಲ್ಲ ನಕ್ಕಿತು.

"ಯಾಕ ನಿಂತಿತಪಾ?" ಸರ್ ಕೇಳಿದರು. ಮಾಂತು ರಿಮೋಟನ್ನು ಅಂಗೈಗೆ ಬಡಿಯುತ್ತಲೇ ಇದ್ದ. ನಾನು ಮುಂದೆ ಬಂದೆ. ಆ ಮೋಟರಿಗೆ ಆ ಫ್ಯಾನು ಯಾಕೆ ಭಾರ, ಆ ಬ್ಯಾಟರಿ ಅದನ್ನು ಹೇಗೆ ಸುಟ್ಟಿತು, ಒಂದೇ ಉಸಿರಿಗೆ ಹೇಳಿದೆ.

"ನಿನಗ ಇದೆಲ್ಲಾ ಹೆಂಗ ಗೊತ್ತು?"

"ಹೋದ ಸಲದ್ದು ನಾನ ಮಾಡಿದ್ದೆ ಸರ್. ಅಣ್ಣ ಬಣ್ಣ ಹಚ್ಚಿದ್ದ."

ಅದೂ ಅರ್ಧ ಸುಳ್ಳು. ಬೇಕೆಂದೇ ಹೇಳಿದೆ. ದೊಡ್ಡಪ್ಪ ಎಲ್ಲರೆದುರೇ ಮಾಂತುವಿನ ಬೆನ್ನಿಗೆ ಹೊಡೆದರು. "ಸುಳ್ಳ ಹೇಳಿ ನನ್ನ ಕಡೆ ಪೇಡೆ ಹಂಚಿಸಿದೇನಲೇ?" ಆ ಏಟಿನ ಸದ್ದು ನನಗೆ ಹಿತವಾಗಿತ್ತು.

ಸಂಜೆ ಶೆಡ್ಡಿನ ಹಿಂದೆ ಮಾಂತು ಎದುರಿಗೆ ಬಂದು ನಿಂತ. "ಸುಡತೈತಿ ಅಂತ ನಿನಗ ಮೊದಲ ಗೊತ್ತಿತ್ತು. ಹೌದಿಲ್ಲೋ?"

"ಹೌದು."

ಅವನು ಇದನ್ನು ಹಿರಿಯರಿಗೆ ಹೇಳಬಹುದಿತ್ತು. ಹೇಳಲಿಲ್ಲ. ರಿಮೋಟನ್ನು ನನ್ನ ಕೈಗಿತ್ತು ಹೋದ. ಆಮೇಲೆ ಅಟ್ಟ ಹತ್ತಲೇ ಇಲ್ಲ.

ಈಗ ನಾನು ಬಬಲೇಶ್ವರ, ಸಾರವಾಡದ ಹೊಲಗಳಲ್ಲಿ ಸೋಲಾರ್ ಪಂಪು ರಿಪೇರಿ ಮಾಡುತ್ತೇನೆ. ಯಾವ ಮೋಟರು ಎಷ್ಟು ಕರೆಂಟು ಎಳೆಯುತ್ತದೆಂದು ಫೋನಿನಲ್ಲೇ ಕಾಣುತ್ತದೆ, ಬಕೆಟ್ಟಿನ ಮುಂದೆ ವಾರಗಟ್ಟಲೆ ಕೂರಬೇಕಿಲ್ಲ. ವೈರು ಹಿಡಿಯಲು ಜೊತೆಯೂ ಇಲ್ಲ. ಮಾಂತು ಮದುವೆ ಮುಂಜಿಗಳಲ್ಲಿ ಸಿಗುತ್ತಾನೆ. "ಆರಾಮ ಅದಿ?" "ಆರಾಮ ಅಣ್ಣಾ." ಅಷ್ಟೇ. ಆ ಹೊಗೆ ನೆನೆದರೆ ಇವತ್ತಿಗೂ ನನಗೆ ಖುಷಿಯಾಗುತ್ತದೆ, ಯಾಕೆ ಮುಚ್ಚಿಡಲಿ.

ಮೊನ್ನೆ ಒಂದು ಮದುವೆಯಲ್ಲಿ ಅವನ ಐದು ವರ್ಷದ ಮಗಳು ನನ್ನ ಸೆರಗು ಜಗ್ಗಿದಳು. "ಅತ್ತಿ, ನಮ್ಮಪ್ಪಗ ಹಡಗ ಮಾಡಾಕ ಬರಂಗಿಲ್ಲಂತ. ನಿಮಗಷ್ಟ ಬರ್ತೈತಂತ, ಹೌದಾ?"

ಪಂಗತಿಯಲ್ಲಿ ಕೂತಿದ್ದ ಮಾಂತು ತಲೆ ಎತ್ತಲಿಲ್ಲ. ಅವನಿಗೂ ಚೆನ್ನಾಗಿ ಬರುತ್ತಿತ್ತು ಎನ್ನಲು ಬಾಯಿ ತೆರೆದೆ. "ಹೌದವಾ," ಅಂದೆ.